ಹೊರೆಗಲ್ಲಿನ ಎತ್ತರ

"ಗುರುಗಳೇ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರನ್ನೆಲ್ಲ ಒಂದೇ ಕಡೆ ಇರಿಸಿ ನೋಡಿಕೊಂಡರೆ ಅವರ ಮನೆಯವರ ಕಷ್ಟ ತೀರುವುದಿಲ್ಲವೇ?" ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲಿ ಕಟ್ಟಡದ ನಕ್ಷೆ ಇತ್ತು. ಹನ್ನೆರಡು ಕೋಣೆ, ಪ್ರತಿಯೊಂದರ ಉದ್ದ ಅಗಲ ಬರೆದಿದ್ದ.

ಗುರುಗಳು ನಕ್ಷೆಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಬ್ಬ ಸೈನಿಕ ಎರಡೂ ಕಾಲು ಕಳೆದುಕೊಂಡು ಊರಿಗೆ ಬಂದ. ಅವನನ್ನು ಏಳಿಸುವುದು, ಸ್ನಾನ ಮಾಡಿಸುವುದು, ಬಿಸಿಲಿಗೆ ಕೂರಿಸುವುದು, ಮತ್ತೆ ಒಳಗೆ ತರುವುದು ಎಲ್ಲವೂ ಹೆಂಡತಿಯ ಪಾಲಿಗೆ ಬಂತು. ಹೀಗೆ ಎರಡು ವರ್ಷ ಕಳೆಯಿತು. ಒಂದು ದಿನ ಊರಗೌಡ ಬಂದು, "ಪೇಟೆಯ ಛತ್ರದಲ್ಲಿ ಇವನಿಗೆ ಜಾಗ ಮಾಡಿಸಿದ್ದೇನೆ, ತಾಯಿ. ಕೊನೆಯ ತನಕ ಅವರೇ ನೋಡಿಕೊಳ್ಳುತ್ತಾರೆ. ಸೋಮವಾರ ಗಾಡಿ ಕಳಿಸಲೇ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಗಂಡ ಗೋಡೆಯ ಕಡೆ ತಿರುಗಿದ. ತನ್ನ ಬಾಯಿಂದ ಹೂಂ ಬಂದುಬಿಟ್ಟೀತೆಂದು ಅವಳಿಗೆ ಭಯವಾಯಿತು.

ಮರುದಿನ ಕಟ್ಟಿಗೆ ಹೊತ್ತು ಬರುತ್ತ ಅವಳು ಹೊರೆಗಲ್ಲಿನ ಬಳಿ ನಿಂತಳು. ಎರಡು ಕಂಬಗಳ ಮೇಲೆ ಅಡ್ಡ ಇಟ್ಟ ಚಪ್ಪಡಿ ಅದು, ಹೆಂಗಸರ ತಲೆಯೆತ್ತರಕ್ಕಿತ್ತು. ಬಗ್ಗದೆ ಹೊರೆಯನ್ನು ಅದರ ಮೇಲೆ ಜಾರಿಸಿದಳು. ಉಪ್ಪು ಮಾರುವ ಮುದುಕಿಯೂ ಅಲ್ಲೇ ದಣಿವಾರಿಸಿಕೊಳ್ಳುತ್ತಿದ್ದಳು.

"ಗೌಡರಿಗೆ ಹೂಂ ಅಂದೆಯಾ?" ಎಂದು ಮುದುಕಿ ಕೇಳಿದಳು.

"ಸೊಂಟ ಹೂಂ ಅನ್ನುತ್ತಿದೆ, ಅಜ್ಜಿ. ನಾನಿನ್ನೂ ಅಂದಿಲ್ಲ."

"ಈ ಹೊರೆಯನ್ನು ನೆಲಕ್ಕೆ ಹಾಕಿದ್ದರೆ?"

"ಮತ್ತೆ ಎತ್ತಿಕೊಳ್ಳಲು ನನ್ನೊಬ್ಬಳಿಂದ ಆಗುತ್ತಿರಲಿಲ್ಲ."

ಮುದುಕಿ ತನ್ನ ಉಪ್ಪಿನ ಬುಟ್ಟಿಯನ್ನು ಕಲ್ಲಿನ ಮೇಲಿಂದ ತಲೆಗೆ ಎಳೆದುಕೊಂಡಳು. "ನಾಳೆ ಸಂತೆ. ನನ್ನ ಉಪ್ಪು ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ. ಸಂಜೆಯ ತನಕ ಅವನ ಹತ್ತಿರ ನಾನಿರುತ್ತೇನೆ. ಎತ್ತಿ ಕೂರಿಸಲು ಇಬ್ಬರು ಅಳಿಯಂದಿರಿದ್ದಾರೆ, ಇದುವರೆಗೆ ಯಾವ ಉಪಯೋಗಕ್ಕೂ ಬಂದವರಲ್ಲ. ಸಂಜೆಯಾದ ಮೇಲೆ ನಿನ್ನ ಗಂಡ ನಿನಗೆ."

ಸಂತೆಯ ದಿನ ಮುದುಕಿ ಬಂದಳು. ಹೆಂಡತಿಗೆ ಎಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಹೊಳೆಗೆ ಹೋಗಿ ತಲೆಗೆ ಸ್ನಾನ ಮಾಡಿದಳು. ದಡದ ಹೊಂಗೆ ಮರದ ಕೆಳಗೆ ಕೂದಲು ಒಣಗಿಸುತ್ತ ಕೂತವಳು ಹಾಗೇ ನಿದ್ದೆ ಹೋದಳು. ಎಚ್ಚರವಾದಾಗ ದನಗಳು ಮನೆಗೆ ಹೊರಟಿದ್ದವು. ಅವಳೂ ಬೇಗ ಬೇಗ ಹೆಜ್ಜೆ ಹಾಕಿದಳು.

"ಅಜ್ಜಿ ಚೆನ್ನಾಗಿ ನೋಡಿಕೊಂಡಳಾ?" ಎಂದು ಗಂಡನನ್ನು ಕೇಳಿದಳು.

"ಚೌಕಾಬಾರದಲ್ಲಿ ಮೂರು ಸಲ ಸೋಲಿಸಿದಳು. ಎಲ್ಲಾ ಮೋಸ. ಮುಂದಿನ ಸಂತೆಗೂ ಬರಬೇಕು ಅಂತ ಹೇಳು."

ಅವಳು ನಕ್ಕಳು. ಅವನನ್ನು ಎತ್ತಿಕೊಂಡು ಒಳಗೆ ತರುವಾಗಲೂ ನಗುತ್ತಲೇ ಇದ್ದಳು. ಸೋಮವಾರ ಬಂದ ಗಾಡಿ ಖಾಲಿಯಾಗಿ ಹಿಂದಿರುಗಿತು. ತಿಂಗಳು ಕಳೆಯುವುದರೊಳಗೆ ಕುಂಬಾರನ ಹೆಂಡತಿ ಅವನ ಹತ್ತಿರ ಇರಲು ತನಗೂ ಒಂದು ಮಧ್ಯಾಹ್ನ ಬೇಕೆಂದಳು. ಆಮೇಲೆ ಗೌಡನೂ ಒಂದನ್ನು ಕೇಳಿ ಪಡೆದ. ಅವನೂ ಆಟದಲ್ಲಿ ಸೋತ.

ಗುರುಗಳು ಕತೆ ನಿಲ್ಲಿಸಿದರು.

"ಮುದುಕಿ ಕೊಟ್ಟದ್ದು ವಾರಕ್ಕೊಂದು ಮಧ್ಯಾಹ್ನ ಮಾತ್ರ. ನನ್ನ ಕಟ್ಟಡ ಇಡೀ ಭಾರವನ್ನೇ ಇಳಿಸುತ್ತದಲ್ಲ?" ಎಂದ ಶಿಷ್ಯ.

ಗುರುಗಳು ನಕ್ಷೆಯನ್ನು ಬಿಡಿಸಿ ಅವನ ಮುಂದೆ ಹಿಡಿದರು.

"ಉದ್ದ ಇದೆ, ಅಗಲ ಇದೆ, ಹೊರುವವಳ ಎತ್ತರ ಎಲ್ಲಿ ಬರೆದಿದ್ದೀಯ?"