ಉಡಿದಾರದ ಬೆಳ್ಳಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಲೋಕದ ವಸ್ತುಗಳೆಲ್ಲ ಮೂರೇ ಗುಂಪು. ಮೂಲವಸ್ತು, ಸಂಯುಕ್ತ, ಮಿಶ್ರಣ. ಯಾವುದನ್ನು ಮುಂದಿಟ್ಟರೂ ಇಂಥ ಗುಂಪಿನದು ಎಂದು ಹೇಳಬಲ್ಲೆ. ಇನ್ನು ಕಲಿಯುವುದೇನಾದರೂ ಉಳಿದಿದೆಯೇ?"

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಬೆಳ್ಳಿಗೆ ಸೀಸ ಸೇರಿಸಿ ಕಾಸಿದರೆ ಒಳಗಿನ ತಾಮ್ರ ಸೀಸದ ಹಿಂದೆ ಹೊರಟುಹೋಗುತ್ತದೆ, ಬರೀ ಬೆಳ್ಳಿ ಉಳಿಯುತ್ತದೆ. ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. "ಹಾಲು ನೀರು ಬೇರೆ ಮಾಡೋ ಹಂಸ ನನ್ನ ಮುಂದೆ ಬರೀ ಬಾತುಕೋಳಿ" ಎನ್ನುತ್ತಿದ್ದ.

ಒಂದು ದಿನ ಒಬ್ಬ ಗಾಣಿಗ ಬಂದು ಎರಡು ಒಡವೆ ಮುಂದಿಟ್ಟ. ಒಂದು ಹೆಂಡತಿಯ ಕಡಗ. ಇನ್ನೊಂದು, ತಿಂಗಳ ಹಿಂದೆ ತೀರಿಕೊಂಡ ಕೂಸಿನ ಉಡಿದಾರ.

"ಇದು ಕಣ್ಣಿಗೆ ಬಿದ್ದಾಗಲೆಲ್ಲ ಅವಳು ಅನ್ನ ಬಿಡ್ತಾಳೆ. ಎರಡನ್ನೂ ಕರಗಿಸಿ ಒಂದು ಡಾಬು ಮಾಡಿಬಿಡು" ಎಂದ. ಹೆಂಡತಿಗೆ ಅವನು ಹೇಳಿರಲಿಲ್ಲ.

ಅಕ್ಕಸಾಲಿ ಕರಗಿಸಿದ. ಬೆಳ್ಳಿಯ ಗಟ್ಟಿ ಇನ್ನೂ ಆರಿರಲಿಲ್ಲ, ವಿಷಯ ತಿಳಿದು ಆ ತಾಯಿ ಏದುಸಿರು ಬಿಡುತ್ತ ಬಂದಳು.

"ಅಣ್ಣಾ, ಕಡಗ ನೀನೇ ಇಟ್ಕೋ. ಕೂಸಿಂದು ಅಷ್ಟು ಬೇರೆ ಮಾಡಿ ಕೊಡು."

"ಅದಕ್ಯಾಕೆ ಇಷ್ಟು ಓಟ ತಂಗಿ? ಬೇರೆ ಮಾಡೋದೇ ನನ್ನ ಕಸುಬು. ಕೂತ್ಕೋ."

ಕೆಂಡ ಊದಿದ. ಸೀಸ ಹಾಕಿದ. ತಾಮ್ರ ಹೋಯಿತು. ಬೆಳ್ಳಿ ಫಳಫಳ ಹೊಳೆಯಿತು. ಅದನ್ನು ನೋಡುತ್ತ ನಿಂತ ಅಕ್ಕಸಾಲಿಗೆ ಆಗ ಹೊಳೆಯಿತು: ತಾಮ್ರವನ್ನು ಬೆಳ್ಳಿಯಿಂದ ಬಿಡಿಸಬಹುದು, ಬೆಳ್ಳಿಯನ್ನು ಬೆಳ್ಳಿಯಿಂದ ಬಿಡಿಸುವುದು ಹೇಗೆ? ತಾಯಿಯದು ಯಾವುದು, ಕೂಸಿನದು ಯಾವುದು, ಬೆಂಕಿಗೂ ಗೊತ್ತಿಲ್ಲ. ಆದರೆ ಬಾಯಿ ಸೋಲು ಒಪ್ಪಲಿಲ್ಲ. ಉಡಿದಾರದಷ್ಟೇ ತೂಕದ ತುಂಡು ಕಡಿದು ಅವಳ ಅಂಗೈಗೆ ಹಾಕಿದ.

"ತಗೋ, ನಿನ್ನ ಕೂಸಿಂದು. ಒಂದು ಗುಲಗಂಜಿ ಕಮ್ಮಿ ಇಲ್ಲ. ಅಪ್ಪಟ ಶುದ್ಧ."

ಅವಳು ಅದನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

"ಎಳೆ ಸಂದೀಲಿ ಎಣ್ಣೆ ಜಿಡ್ಡು ಇತ್ತಲ್ಲ ಅಣ್ಣಾ. ಅದರಲ್ಲಿ ಅವನ ವಾಸನೆ ಇತ್ತು."

"ಅದು ಕೊಳೆ, ತಂಗಿ. ಕರಗಿಸೋ ಮುಂಚೆ ಹುಣಸೆ ನೀರಲ್ಲಿ ಕುದಿಸಿ ಹಿತ್ತಲಿಗೆ ಚೆಲ್ಲಿದೆ."

ಅವಳು ಬೆಳ್ಳಿಯನ್ನು ಅಲ್ಲೇ ಇಟ್ಟಳು. ಹಿತ್ತಲಿಗೆ ಹೋದಳು. ನೀರು ಇಂಗಿದ್ದ ಜಾಗ ಹುಡುಕಿ, ಆ ಹಸಿ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಅಕ್ಕಸಾಲಿ ಅವಳನ್ನು ತಡೆಯಲಿಲ್ಲ.

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಈಗ ಹೇಳಪ್ಪಾ, ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದು ಯಾವ ಗುಂಪಿನದು?"