ಹುಗ್ಗಿ ಉಂಡ ಇಲಿಗಳು

"ಗುರುಗಳೇ, ಒಂದು ಜೀವ ಉಳಿಸಲು ಇನ್ನೊಂದು ಜೀವವನ್ನು ನೋಯಿಸುವುದು ಸರಿಯೇ?"

ಕೇಳಿದವಳು ದಾಕ್ಷಾಯಿಣಿ. ಅವಳ ಕೆಲಸ ಒಂದು ಪ್ರಯೋಗಶಾಲೆಯಲ್ಲಿ. ಗೋಧಿ ತಿಂದರೆ ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು, ಉಸಿರು ಕಟ್ಟುವ ಮನುಷ್ಯರಿದ್ದಾರೆ. ಅವರಿಗೆ ಮದ್ದು ಹುಡುಕಲೆಂದು ಅಲ್ಲಿ ಅದೇ ರೋಗವನ್ನು ಇಲಿಗಳಿಗೆ ಬರಿಸಿ ನೋಡುತ್ತಾರೆ. ಹಿಂದಿನ ವಾರ ಒಂದು ಇಲಿ ಅವಳ ಅಂಗೈಯಲ್ಲೇ ತಣ್ಣಗಾಗಿತ್ತು. ಕೆಲಸ ಬಿಡುವುದೋ ಮುಂದುವರಿಸುವುದೋ ತಿಳಿಯದೆ ಅವಳು ಗುರುಗಳ ಬಳಿ ಬಂದಿದ್ದಳು.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಹಿಡಿದದ್ದನ್ನು ಬಿಡದ ಆಸಾಮಿ. ಅದೇ ಊರಿನಲ್ಲಿ ಒಬ್ಬ ಶ್ಯಾವಿಗೆ ವ್ಯಾಪಾರಿ. ಅವನ ಮನೆಯಲ್ಲಿ ದಿನವೂ ಗೋಧಿ ಹಿಟ್ಟು ನಾದಿ ಶ್ಯಾವಿಗೆ ಹೊಸೆಯುತ್ತಿದ್ದರು. ನಾದುವ ಕೆಲಸ ಸೊಸೆಯದು. ಆದರೆ ಆ ಗೋಧಿ ಮಾರುವುದಕ್ಕೆ, ಉಣ್ಣುವುದಕ್ಕಲ್ಲ. ಮನೆಯವರು ಉಣ್ಣುತ್ತಿದ್ದದ್ದು ಜೋಳದ ರೊಟ್ಟಿ. ಹಬ್ಬ ಬಂದರೆ ಮಾತ್ರ ಬೆಲ್ಲ ಹಾಕಿದ ಗೋಧಿ ಹುಗ್ಗಿ.

ಒಂದು ಹಬ್ಬದಲ್ಲಿ ಹುಗ್ಗಿ ಉಂಡ ಸೊಸೆಯ ತುಟಿ ಊದಿತು, ಗಂಟಲು ಬಿಗಿಯಿತು. ಬಾವಿಯ ಕಟ್ಟೆಯ ಮೇಲೆ ಬಿದ್ದಳು. ಹೇಗೋ ಬದುಕಿದಳು. ಮುಂದಿನ ಹಬ್ಬದಲ್ಲೂ ಹಾಗೇ ಆಯಿತು. ಆ ಸಲ ಅವಳು ಉಳಿದದ್ದೇ ದೊಡ್ಡದು.

ವಿಚಿತ್ರವೆಂದರೆ, ತವರಿಗೆ ಹೋದಾಗ ಅದೇ ಸೊಸೆ ಬಟ್ಟಲು ತುಂಬ ಹುಗ್ಗಿ ಉಣ್ಣುತ್ತಿದ್ದಳು. ಅಲ್ಲಿ ಅವಳಿಗೆ ಒಂದು ಸೀನೂ ಬರುತ್ತಿರಲಿಲ್ಲ.

ಇಷ್ಟು ಸಿಕ್ಕರೆ ಊರಿಗೆ ಇನ್ನೇನು ಬೇಕು? ಬಾಳುವೆ ಮಾಡಲು ಮನಸ್ಸಿಲ್ಲದೆ ಸೊಸೆ ನಾಟಕ ಆಡುತ್ತಾಳೆ ಎಂದಳು ಅತ್ತೆ. ನನ್ನ ಮಗಳಿಗೆ ವಿಷ ಹಾಕುತ್ತಾರೆ ಎಂದ ತವರಿನ ತಂದೆ. ಮಾತು ಬೆಳೆದು ಹಿರಿಯರ ಕಟ್ಟೆ ಏರಿತು. ಹಿರಿಯರು ಯೋಚಿಸಿ, ತಮಗೆ ತಿಳಿದಷ್ಟು ನ್ಯಾಯ ಹೇಳಿದರು. ಸುಗ್ಗಿ ಮುಗಿದ ದಿನ ಹೊಸ ಗೋಧಿಯ ಹುಗ್ಗಿ ಮಾಡಲಿ, ಸೊಸೆ ಎಲ್ಲರ ಮುಂದೆ ಕೂತು ಉಣ್ಣಲಿ. ಬಿದ್ದರೆ ರೋಗ, ಬೀಳದಿದ್ದರೆ ನಾಟಕ. ನಾಟಕವಾದರೆ ಸುಮ್ಮನೆ ಗಂಡನ ಮನೆಗೆ ಹೋಗಿ ಬಾಳಬೇಕು, ಮತ್ತೆ ದೂರು ತರಬಾರದು.

ಈ ಮಾತು ವೈದ್ಯನ ಕಿವಿಗೆ ಬಿತ್ತು. ಮೂರನೆಯ ಸಲ ಬಿದ್ದರೆ ಅವಳು ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಸುಗ್ಗಿಗೆ ಇನ್ನು ಮೂರು ತಿಂಗಳಿತ್ತು. ಅಷ್ಟರೊಳಗೆ ಕಾರಣ ಹಿಡಿದೇ ತೀರುತ್ತೇನೆಂದು ಪಟ್ಟು ಹಿಡಿದ.

ಅವನು ವ್ಯಾಪಾರಿಯ ಮನೆಗೆ ಹೋದ. ಸೊಸೆಗೆ ಏನು ಉಣಿಸಿದಿರಿ ಎಂದು ಕೇಳಿದ. ಮಾವ ಹೇಳಿದ, ಗಂಡ ಹೇಳಿದ, ಅತ್ತೆ ಉದ್ದಕ್ಕೆ ಹೇಳಿದಳು. ಅಷ್ಟರಲ್ಲಿ ಸೊಸೆ ನೀರು ತಂದಿಟ್ಟು ಒಳಗೆ ಹೋದಳು. ನೀರಿನ ತಂಬಿಗೆ ಹಿಡಿದ ಅವಳ ಕೈಯನ್ನು ವೈದ್ಯ ನೋಡಿದ. ಹಿಟ್ಟು ನಾದಿ ನಾದಿ ಕೈ ಕೆಂಪಾಗಿ ಬಿರುಕು ಬಿಟ್ಟಿತ್ತು. ಹಿಟ್ಟು ಆ ಬಿರುಕಿನಿಂದಲೇ ಒಳಗೆ ಹೋಗಿ ಮೈಯನ್ನು ಗೋಧಿಗೆ ವೈರಿ ಮಾಡಿದೆ ಎಂದು ಅವನಿಗೆ ಹೊಳೆಯಿತು. ಹಾಗಿದ್ದರೆ ತವರಿನ ಹುಗ್ಗಿ ಏಕೆ ಏನೂ ಮಾಡುವುದಿಲ್ಲ? ಅದು ಮಾತ್ರ ಹೊಳೆಯಲಿಲ್ಲ. ಅವಳಿಗೇ ಉಣಿಸಿ ನೋಡುವ ಹಾಗಿಲ್ಲ.

ವೈದ್ಯ ಇಲಿಗಳನ್ನು ಹಿಡಿದು ತಂದ. ಅವುಗಳ ಬೆನ್ನಿನ ಕೂದಲು ಬೋಳಿಸಿ ದಿನವೂ ಗೋಧಿ ಹಿಟ್ಟಿನ ನೀರು ಸವರಿದ. ತಿಂಗಳು ಕಳೆದ ಮೇಲೆ ಹುಗ್ಗಿ ಉಣಿಸಿ ಎದುರಿಗೆ ಕೂತ. ಏನೂ ಆಗಲಿಲ್ಲ. ಮರುದಿನವೂ ಉಣಿಸಿದ, ಏನೂ ಆಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇಲಿಗಳ ಮುಂದೆ ಕೂತಿರುವುದೇ ಅವನ ಕೆಲಸವಾಯಿತು. ಊರಿನವರು ಮೂಗು ಮುರಿದರು. ಮನೆಯಾಕೆ, "ನನಗ ಒಂದಿನ ಹುಗ್ಗಿ ಮಾಡಿ ಬಡಿಸಿದವರಲ್ಲ, ಇಲಿಗೆ ದಿನಾ ಹಬ್ಬ" ಎಂದಳು. ವೈದ್ಯ ಜಗ್ಗಲಿಲ್ಲ.

ಆದರೆ ಅವನು ಮೆತ್ತನೆಯ ಮನಸ್ಸಿನವನು. ನೋಯಿಸುತ್ತಿದ್ದೇನಲ್ಲ ಎಂಬ ಅಳುಕಿಗೆ ಇಲಿಗಳ ಪಂಜರದಲ್ಲಿ ಹತ್ತಿ ಹಾಸಿದ್ದ. ಅವು ಹೊಟ್ಟೆ ತುಂಬ ಹುಗ್ಗಿ ಉಂಡು ಹತ್ತಿಯ ಮೇಲೆ ಮಲಗಿಬಿಡುತ್ತಿದ್ದವು.

ಹೀಗಿರಲು ಒಂದು ಮಧ್ಯಾಹ್ನ ನೆರೆಮನೆಯ ಬೆಕ್ಕು ಒಳಗೆ ನುಗ್ಗಿ ಪಂಜರ ಸುತ್ತತೊಡಗಿತು. ಆಗಷ್ಟೇ ಉಂಡಿದ್ದ ಇಲಿಗಳು ದಿಕ್ಕೆಟ್ಟು ಓಡಿದವು. ವೈದ್ಯ ಬೆಕ್ಕನ್ನು ಓಡಿಸಿ ಬರುವಷ್ಟರಲ್ಲಿ ಒಂದು ಇಲಿ ಬಿದ್ದಿತ್ತು. ಮೂತಿ ಊದಿತ್ತು, ಮೈ ತಣ್ಣಗಾಗಿತ್ತು. ಬೆಕ್ಕು ಅದನ್ನು ಮುಟ್ಟಿರಲಿಲ್ಲ.

ಭಯಕ್ಕೆ ಸತ್ತಿತೇ? ವೈದ್ಯ ಅಷ್ಟಕ್ಕೆ ಒಪ್ಪುವವನಲ್ಲ. ಕೆಲವಕ್ಕೆ ಜೋಳ ಉಣಿಸಿ ಓಡಿಸಿದ, ಅವು ಬದುಕಿದವು. ಕೆಲವನ್ನು ಬರಿಹೊಟ್ಟೆಯಲ್ಲಿ ಓಡಿಸಿದ, ಅವೂ ಬದುಕಿದವು. ಹುಗ್ಗಿ ಉಂಡು ಓಡಿದವು ಮಾತ್ರ ಬಿದ್ದವು. ಸತ್ತ ಒಂದೊಂದನ್ನೂ ಹಿತ್ತಲಲ್ಲಿ ತಾನೇ ಹೂತ. ಹೂಳುವಾಗ ಅವನ ಕಣ್ಣು ತುಂಬುತ್ತಿತ್ತು, ಆದರೂ ಮರುದಿನ ಮತ್ತೆ ಪಂಜರದ ಮುಂದೆ ಕೂರುತ್ತಿದ್ದ. ಗೋಧಿಯೊಂದೇ ಕೊಲ್ಲುವುದಿಲ್ಲ, ಓಟವೊಂದೇ ಕೊಲ್ಲುವುದಿಲ್ಲ, ಎರಡೂ ಕೂಡಿದರೆ ಕೊಲ್ಲುತ್ತವೆ. ಇದು ಖಚಿತವಾಗುವಷ್ಟರಲ್ಲಿ ಸುಗ್ಗಿ ಮುಗಿದೇ ಹೋಗಿತ್ತು.

ಹಿರಿಯರು ಸೇರುವ ದಿನ ಬೆಳಿಗ್ಗೆ ವೈದ್ಯ ವ್ಯಾಪಾರಿಯ ಮನೆಗೆ ಓಡಿದ. ತಾನೇ ಮಾತಾಡಲು ಬಾಯಿ ತೆರೆದ ಮಾವನನ್ನು ಕೈಯೆತ್ತಿ ತಡೆದು, ಸೊಸೆಯನ್ನೇ ಕರೆದ.

"ತಂಗೀ, ಹಬ್ಬದ ದಿನ ಉಂಡ ಮ್ಯಾಲೆ ಏನ್ ಮಾಡ್ತಿ?"

"ಏನ್ ಮಾಡ್ಲಿರಿ? ಎಲ್ಲಾರದೂ ಆದ ಮ್ಯಾಲೆ ನಾ ಉಣ್ಣಾಕಿ. ಉಂಡ ಕೈಲೇ ಗಂಗಾಳ ಎತ್ತತೀನಿ, ಭಾಂಡಿ ತಿಕ್ಕತೀನಿ, ಬಾವಿಯಿಂದ ಹತ್ತು ಕೊಡ ನೀರು ಸೇದತೀನಿ."

"ತವರಮನ್ಯಾಗ?"

"ಅಲ್ಲಿ ಅವ್ವ ಹುಲ್ಲುಕಡ್ಡಿ ಎತ್ತಾಕ ಬಿಡೂದಿಲ್ರಿ. ಉಂಡು ಮಲಗತೀನಿ."

"ಇಷ್ಟು ದಿನ ಇದನ್ನ ಯಾಕ ಹೇಳಲಿಲ್ಲವ್ವ?"

"ಏನ್ ಉಂಡಿ ಅಂತ ಎಲ್ಲಾರೂ ಕೇಳಿದ್ರು. ಉಂಡ ಮ್ಯಾಲೆ ಏನ್ ಮಾಡಿದಿ ಅಂತ ಯಾರೂ ಕೇಳಲಿಲ್ರಿ."

ವೈದ್ಯ ಹಿಟ್ಟು ಸವರಿದ ಎರಡು ಇಲಿಗಳನ್ನು ಪಂಜರದ ಸಮೇತ ಎತ್ತಿಕೊಂಡು ಹಿರಿಯರ ಕಟ್ಟೆಗೆ ಬಂದ. ಸೊಸೆಯ ಮುಂದೆ ಹುಗ್ಗಿಯ ಗಂಗಾಳ ಬಂದಾಗಿತ್ತು. ಅವಳು ತುತ್ತು ಎತ್ತುವ ಮೊದಲೇ ಅವನು ತಡೆದ. ಇಲ್ಲಿ ಕೂತು ಉಂಡರೆ ಇವಳಿಗೆ ಏನೂ ಆಗದೆ ಹೋಗಬಹುದು, ನೀವು ನಾಟಕ ಎನ್ನುತ್ತೀರಿ, ಮನೆಗೆ ಹೋಗಿ ಹಗ್ಗ ಹಿಡಿದು ನೀರು ಸೇದುವಾಗ ಇವಳು ಸಾಯುತ್ತಾಳೆ ಎಂದ. ಹಿರಿಯರು ನಂಬಲಿಲ್ಲ. ಆಗ ಅದೇ ಗಂಗಾಳದ ಹುಗ್ಗಿಯನ್ನು ಎರಡೂ ಇಲಿಗಳಿಗೆ ಉಣಿಸಿದ. ಒಂದನ್ನು ಹತ್ತಿಯ ಮೇಲೆ ಬಿಟ್ಟ, ಇನ್ನೊಂದನ್ನು ಪಂಜರದಲ್ಲಿ ಓಡಿಸಿದ. ಹತ್ತಿಯ ಮೇಲಿನದು ನಿದ್ದೆ ಹೋಯಿತು. ಓಡಿದ್ದು ಎಲ್ಲರ ಕಣ್ಣೆದುರು ಬಿದ್ದು ಸತ್ತಿತು.

ಅತ್ತೆ ಎದ್ದು ಬಂದಳು. ಸೊಸೆಯ ಮುಂದಿನ ಗಂಗಾಳವನ್ನು ಅಂದು ಮೊದಲ ಸಲ ತಾನೇ ಎತ್ತಿದಳು. ಆಮೇಲೆ ಆ ಸೊಸೆ ಗೋಧಿಯನ್ನು ಉಣ್ಣಲೂ ಇಲ್ಲ, ಮುಟ್ಟಲೂ ಇಲ್ಲ. ಜೋಳದ ರೊಟ್ಟಿ ಉಂಡು ಮೊಮ್ಮಕ್ಕಳನ್ನು ಕಂಡಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ದಾಕ್ಷಾಯಿಣಿಯ ಮುಖ ಹಗುರಾಗಿತ್ತು.

"ಹಾಗಾದರೆ ವೈದ್ಯ ಮಾಡಿದ್ದು ಸರಿ, ಅಲ್ಲವೇ ಗುರುಗಳೇ? ಇಲಿಗಳು ಸಾಯದಿದ್ದರೆ ಆ ಸೊಸೆ ಸಾಯುತ್ತಿದ್ದಳು. ನಾನು ಕೆಲಸ ಬಿಡುವುದಿಲ್ಲ."

"ಬಿಡಬೇಡ," ಎಂದರು ಗುರುಗಳು. "ಆದರೆ ಇಲಿಗಳ ಮುಂದೆ ಮೂರು ತಿಂಗಳು ಕೂತ ಆ ವೈದ್ಯ ಮೊದಲ ದಿನವೇ ಸೊಸೆಯ ಮುಂದೆ ಒಂದು ಗಳಿಗೆ ಕೂತಿದ್ದರೆ, ಎಷ್ಟು ಇಲಿಗಳು ಬದುಕುತ್ತಿದ್ದವಮ್ಮ?"