ಎಣ್ಣೆ ಡಬ್ಬಿಯ ಬ್ಯಾಂಜೊ

ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ದ್ಯಾಮವ್ವ ಒಂದು ದಿನ ದೊಡ್ಡ ಕೊಳಗವನ್ನೇ ಕೊಟ್ಟು, ಎಣ್ಣೆ ಡಬ್ಬಿಯಿಂದ ಮಾಡಿದ ಬ್ಯಾಂಜೊ ತಂದಳು. "ಕೊಳಗ ಕಳದು ತಗಡು ತಂದಿ!" ಎಂದು ಅತ್ತೆ ಹಣೆ ಚಚ್ಚಿಕೊಂಡಳು.

ಅವಳು ಅದನ್ನು ಸಂತೆಯಲ್ಲಿ ಮಾರಲಿಟ್ಟಾಗ ಬ್ಯಾಂಡ್ ಮಾಸ್ತರ ಗುರುಪಾದಪ್ಪ ಮೂಗು ಮುರಿದ. "ಇದನ್ನ ಬ್ಯಾಂಜೊ ಅಂತ ಮಾರಿದರ ನನ್ನ ವಿದ್ಯೆಗೆ ಅವಮಾನ. ತಗೀ ಇಲ್ಲಿಂದ!"

"ಪಾತ್ರಿನೂ ಜನ ಬಡದು ನೋಡೇ ಬೈತಾರ್ರೀ, ಮಾಸ್ತರ. ನೀವೂ ಒಮ್ಮೆ ಬಾರಿಸಿ ಬೈರಿ," ಎಂದಳು ದ್ಯಾಮವ್ವ.

ಮಾಸ್ತರ ಮೀಸೆ ತಿರುವಿ ಕೂತ. ಜನ ಸುತ್ತ ನೆರೆದರು. ಬೆರಳು ತಪ್ಪಿದರೆ ಮಾನ ಹೋದೀತೆಂದು ಇದ್ದ ವಿದ್ಯೆಯನ್ನೆಲ್ಲ ಸುರಿದು ಬಾರಿಸಿದ. ಸಂತೆಯೇ ಕುಣಿಯಿತು. ಚಹಾದಂಗಡಿಯವನು ಎರಡು ಕೊಳಗದ ಬೆಲೆ ಕೊಟ್ಟು ಬ್ಯಾಂಜೊ ಎತ್ತಿಕೊಂಡು ಹೋದ.

"ಅದು ನನ್ನ ಕೈಚಳಕ!" ಎಂದು ಮಾಸ್ತರ ಕಿರುಚಿದ.

"ಹೌದ್ರೀ. ಮನ್ಯಾಗ ತೂತು ಬಿದ್ದ ಡೋಲೊಂದೈತಿ. ಮುಂದಿನ ಸಂತಿಗೆ ಅದನ್ನೂ ಬೈಯಾಕ ಬರ್ರಿ!"